ಯಾದಗಿರಿ ಗುಡ್ಡಕ್ಕೆ 5 ವ್ಯಾಟಿನ ಹ್ಯಾಂಡಿ ಸಾಕೇ?

ಪ್ರಶ್ನೆ: ಸರ್, ನಾನು ಡಿಗ್ರಿ ವಿದ್ಯಾರ್ಥಿನಿ. ಹೊಸದಾಗಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದಿದೆ, ವಿಯು3 ಅಂತ ಶುರುವಾಗುವ ಕಾಲ್ ಸೈನ್ (ಸ್ಟೇಷನ್ನಿನ ಗುರುತು) ಸಿಕ್ಕಿದೆ. ಇರುವುದು ಕೈಯಲ್ಲಿ ಹಿಡಿಯುವ 5 ವ್ಯಾಟಿನ ರೇಡಿಯೊ, ಅಂದರೆ ಹ್ಯಾಂಡಿ, ಒಂದೇ. ಮಾಳಿಗೆ ಮೇಲೆ ನಿಂತು ಎಷ್ಟು ಕರೆದರೂ ಯಾರೂ ಓಗೊಡುವುದಿಲ್ಲ. ಬೇರೆ ಕಡೆಯವರು ಬೆಟ್ಟ ಹತ್ತಿ ಮಾತಾಡುತ್ತಾರಂತೆ. ನಮ್ಮ ಕಡೆ ಅಂಥ ಬೆಟ್ಟ ಎಲ್ಲಿದೆ?
– ಓದುಗರು, ಯಾದಗಿರಿ

ಉತ್ತರ: ತಂಗೀ, ನಿಮ್ಮೂರಿನ ಕೋಟೆ ಗುಡ್ಡ ಇದೆಯಲ್ಲಾ! ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನುವುದು ನಿಮ್ಮ ಹ್ಯಾಂಡಿಯ 2 ಮೀಟರ್ ಬ್ಯಾಂಡಿಗೆ (ಅಲೆಯ ಉದ್ದ ಸುಮಾರು 2 ಮೀಟರ್ ಇರುವ ಪಟ್ಟಿಗೆ) ಮುಖ್ಯವಲ್ಲ. ಸುತ್ತಲಿನ ಹೊಲಗಳಿಗಿಂತ ನೀವು ಎಷ್ಟು ಮೇಲಿದ್ದೀರಿ ಅನ್ನುವುದೇ ಮುಖ್ಯ. ಈ ಬ್ಯಾಂಡಿನ 144ರಿಂದ 146 ಮೆಗಾಹರ್ಟ್ಸ್ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತವೆ. ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆ ಮುಟ್ಟುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 10 ಮೀಟರ್ ಮಾಳಿಗೆಗೆ ಸುಮಾರು 13. 100 ಮೀಟರ್ ಗುಡ್ಡಕ್ಕೆ 41. ಆ ಕಡೆಯವರೂ ಎತ್ತರದಲ್ಲಿದ್ದರೆ ಅವರ ಲೆಕ್ಕವನ್ನೂ ಕೂಡಿಸಿಕೊಳ್ಳಿ. ನಮ್ಮದು ಬಯಲು ನಾಡು, ಅಡ್ಡ ಬರುವ ಗುಡ್ಡಗಳು ಕಡಿಮೆ. ಮಲೆನಾಡಿನ ಗೆಳೆಯರಿಗೆ ಈ ಅನುಕೂಲ ಎಲ್ಲಿದೆ?

ಹ್ಯಾಂಡಿ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾಕ್ಕೆ ಒಂದು ಬಾಲ ಕಟ್ಟಿ. 49 ಸೆಂಟಿಮೀಟರ್ ಸಾದಾ ವೈರ್ ಸಾಕು. ಒಂದು ತುದಿ ಸುಲಿದು, ಆಂಟೆನಾ ಕೂರುವ ಬುಡದ ಲೋಹದ ರಿಂಗಿಗೆ ಸುತ್ತಿ, ಉಳಿದದ್ದನ್ನು ಕೆಳಗೆ ಇಳಿಬಿಡಿ. ನಡುವಿನ ಪಿನ್ನಿಗೆ ಮಾತ್ರ ತಾಗಬಾರದು. ಆಗ ವ್ಯತ್ಯಾಸ ನಿಮಗೇ ಕೇಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಸುಮ್ನೆ ಹತ್ತಿ ಕರೆಯಬೇಡಿ. ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳಲ್ಲಿ ಹ್ಯಾಮ್‌ಗಳು ವಿರಳ. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಫ್ರೀಕ್ವೆನ್ಸಿಯಲ್ಲಿ ಇರುತ್ತೇನೆ ಅಂತ ಪರಿಚಯದವರಿಗೆ ಮೊದಲೇ ಹೇಳಿಡಿ. ಕೇಳುವವರೇ ಇಲ್ಲದಿದ್ದರೆ 50 ವ್ಯಾಟ್ ಇದ್ದರೂ ವ್ಯರ್ಥ.

ಬೆಟ್ಟ ಹತ್ತಿ ಮಾತಾಡುತ್ತಾರೆ ಅಂತ ನೀವು ಕೇಳಿದ್ದು ಬಹುಶಃ ‘ಸಮಿಟ್ಸ್ ಆನ್ ದಿ ಏರ್’ ಬಗ್ಗೆ ಇರಬೇಕು; ಶಿಖರದಿಂದ ರೇಡಿಯೊದಲ್ಲಿ ಮಾತಾಡಿ ಅಂಕ ಗಳಿಸುವ ಕಾರ್ಯಕ್ರಮ ಅದು. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ವಾಹನದಲ್ಲಿ ಕೂತು ಮಾತಾಡುವಂತಿಲ್ಲ, ಜನರೇಟರ್ ಓಡಿಸುವಂತಿಲ್ಲ. ಅಂಕ ಬೇಕಾದರೆ ಕನಿಷ್ಠ 4 ಬೇರೆ ಬೇರೆ ಸ್ಟೇಷನ್‌ಗಳ ಜೊತೆ ಮಾತಾಗಬೇಕು. ಅವರ ಪಟ್ಟಿಯಲ್ಲಿರುವ ಶಿಖರಗಳಿಗೆ ಮಾತ್ರ ಅಂಕ. ಪಟ್ಟಿ ನೋಡಿ, ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ. ಅಂಕ ಬರದಿದ್ದರೂ ಗುಡ್ಡ ಗುಡ್ಡವೇ.

ಮುಂದೆ ಎಚ್.ಎಫ್. ರಿಗ್ (ದೂರದವರ ಜೊತೆ ಮಾತಾಡುವ, ಕಡಿಮೆ ಫ್ರೀಕ್ವೆನ್ಸಿಯ ರೇಡಿಯೊ) ಕೊಂಡಾಗ ಗುಡ್ಡದ ನಿಜವಾದ ಬೆಲೆ ತಿಳಿಯುತ್ತದೆ. ಅಲ್ಲಿ ಅಲೆಗಳು ಮೇಲಿನ ಅಯಾನುಗೋಳದಿಂದ ತಿರುಗಿ ಬರುತ್ತವೆ, ಹಾಗಾಗಿ ಎತ್ತರಕ್ಕಿಂತ ನಿಶ್ಶಬ್ದ ಮುಖ್ಯ. ಕಲಬುರಗಿಯ ನನ್ನ ಮನೆಯಲ್ಲಿ ಅಕ್ಕಪಕ್ಕದ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್ ಸೇರಿ 7 ಮೆಗಾಹರ್ಟ್ಸ್‌ನಲ್ಲಿ ಬರೀ ಗರಗರ. ಸಿಗ್ನಲ್ಲಿನ ಬಲ ತೋರಿಸುವ ಮೀಟರಿನ ಮುಳ್ಳು ಎಸ್-7ರಿಂದ ಕೆಳಗೆ ಇಳಿಯುವುದೇ ಇಲ್ಲ. ಅದೇ ರಿಗ್ಗನ್ನು ಗುಡ್ಡದ ಮೇಲೆ ಬ್ಯಾಟರಿಗೆ ಹಚ್ಚಿದರೆ ಮುಳ್ಳು ತಳಕ್ಕೆ ಬೀಳುತ್ತದೆ. ಮನೆಯಲ್ಲಿ ಗದ್ದಲದಡಿ ಹೂತುಹೋಗುವ ದನಿ ಅಲ್ಲಿ ಸ್ಪಷ್ಟ. ಆ ಖುಷಿಗಾಗಿಯೇ ನಾನು ಬ್ಯಾಟರಿ ಹೊತ್ತು ಹತ್ತುತ್ತೇನೆ.

ಕೋಟೆ ಗೋಡೆಗೆ ಮೊಳೆ, ತಂತಿ ಬೇಡ. ಆಂಟೆನಾ ಕಟ್ಟಲು ಬಿದಿರಿನ ಗಳ ನಿಲ್ಲಿಸಿ, ಬುಡಕ್ಕೆ ಕಲ್ಲು ಒಡ್ಡಿ. ಲೈಸೆನ್ಸಿನ ಪ್ರತಿ ಜೊತೆಗಿರಲಿ; ಆಂಟೆನಾ ಕಂಡರೆ ಜನ ಕೇಳಿಯೇ ಕೇಳುತ್ತಾರೆ. ಮನೆಯ ಹೊರಗೆ ಸ್ಟೇಷನ್ ನಡೆಸುವ ಬಗ್ಗೆ ಅದರಲ್ಲಿರುವ ಷರತ್ತನ್ನೂ ಓದಿಕೊಳ್ಳಿ.

ಪ್ರಶ್ನೆ: ಮೇ ರಜೆಯಲ್ಲಿ 13 ವರ್ಷದ ಮಗನನ್ನು ಹೀಗೆ ರೇಡಿಯೊ ಸಮೇತ ಗುಡ್ಡಕ್ಕೆ ಕರೆದೊಯ್ಯಬಹುದೇ? ಅವನೂ ಮಾತಾಡಬೇಕಂತೆ.
– ಓದುಗರು, ಬೀದರ್

ಉತ್ತರ: ಮೇ ಬೇಡ ಸರ್. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಮೇಲಾಗಿ ಮಧ್ಯಾಹ್ನದ ನಂತರ ಗುಡುಗು-ಸಿಡಿಲು. ಗುಡ್ಡದ ತುದಿಯಲ್ಲಿ ತಂತಿ ಎತ್ತಿ ಕೂರುವ ಕಾಲವಲ್ಲ ಅದು. ದೀಪಾವಳಿ ಕಳೆದ ಮೇಲೆ ಹೋಗಿ. 12 ತುಂಬಿದವರು ಹ್ಯಾಮ್ ಪರೀಕ್ಷೆ ಬರೆಯಬಹುದು, ಈಗಲೇ ಓದಲು ಹಚ್ಚಿ. ಲೈಸೆನ್ಸ್ ಬರುವವರೆಗೆ ಅವನು ಕೇಳಲಿ, ಲಾಗ್ (ಯಾರ ಜೊತೆ, ಯಾವಾಗ ಮಾತಾಯಿತು ಅನ್ನುವ ದಾಖಲೆ) ಬರೆಯಲಿ. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ, ಬರೆಯುವುದು ರೂಢಿ. ನಮ್ಮ ಗಡಿಯಾರದಿಂದ ಐದೂವರೆ ತಾಸು ಕಳೆಯಲು ಹೇಳಿ.