ಕುರಿ ಬಿಡುವ ಮುಂಚೆ ಗುಡ್ಡದ ಲಂಟಾನ ಸುಡಿಸಬೇಕಾ?

ಸುಡಿಸಬೇಡಿ. ಲಂಟಾನ ಕುರಿಗೆ ವಿಷದ ಗಿಡ ನಿಜ, ಆದರೆ ಸುಟ್ಟರೆ ಸಾಯಲ್ಲ, ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಆ ದುಡ್ಡಲ್ಲಿ ಕುರಿ ಮೇವಿಗೆ ಒಂದು ಗಾಡಿ ಕಡ್ಲೆಕಾಯಿ ಬಳ್ಳಿ ತಗೊಳ್ಳಿ.

ನಾನು ಕೊರಟಗೆರೆ ಕಡೆಯವನು. ಒಂದು ಬೇಸಿಗೆಯಲ್ಲಿ ಅಕ್ಕಿರಾಂಪುರದ ಸಂತೆಯಿಂದ ಕುರಿ ತಂದೆ. ಸಂತೆಯಲ್ಲಿ ಇಡೀ ದಿನ ನಿಂತ ಕುರಿಗಳು, ಅದಕ್ಕೂ ಮುಂಚೆ ಯಾವಾಗ ಮೇದಿದ್ದವೋ. ರಾತ್ರಿ ರೊಪ್ಪಕ್ಕೆ ಕೂಡಿ ನೀರಿಟ್ಟೆ. ಮೇವು ಹಾಕಲಿಲ್ಲ. ಬೆಳಗ್ಗೆ ಹೇಗೂ ಗುಡ್ಡಕ್ಕೆ ಹೊಡೀತೀವಲ್ಲ, ಸುಮ್ನೆ ಯಾಕೆ ಹುಲ್ಲು ಖರ್ಚು ಅಂತ. ಕೆಟ್ಟಿದ್ದೇ ಅಲ್ಲಿ. ನಮ್ಮ ಹಳೇ ಕುರಿಗಳು ಅದೇ ಗುಡ್ಡದಲ್ಲಿ ಬೆಳೆದವು, ಲಂಟಾನ ಮೂಸಿ ಮುಂದೆ ಹೋಗುತ್ತವೆ. ಹೊಸವಕ್ಕೆ ಆ ಗಿಡ ಗೊತ್ತಿಲ್ಲ, ಹಸಿವು ಬೇರೆ. ಏಪ್ರಿಲ್‌ನಲ್ಲಿ ಗುಡ್ಡದ ಮೇಲೆ ಹಸಿರಾಗಿ ಕಾಣೋದು ಅದೊಂದೇ. ಹಳೇ ಕುರಿಗಳನ್ನು ನೋಡಿ ಕಲಿಯುತ್ತವೆ ಅಂದುಕೊಂಡಿದ್ದೆ. ಹಸಿದ ಕುರಿ ಯಾರನ್ನು ನೋಡುತ್ತೆ ಹೇಳಿ! ಒಂದು ಹೊರೆ ರಾಗಿ ಹುಲ್ಲು ಉಳಿಸೋಕೆ ಹೋಗಿ ಅರ್ಧ ಮಂದೆ ಕಳಕೊಂಡೆ.

ಮೊದಲು ಮೆಲುಕು ನಿಂತಿತು, ಹಿಕ್ಕೆ ಗಟ್ಟಿಯಾಯಿತು. ಅಜೀರ್ಣ ಇರಬೇಕು ಅಂತ ಬಯಲಲ್ಲೇ ಬಿಟ್ಟಿದ್ದೆ. ಆಮೇಲೆ ಕಿವಿ ಊದಿ ಜೋತುಬಿದ್ದವು, ಮೂತಿಯ ಚರ್ಮ ಬಿರುಕು ಬಿಟ್ಟಿತು. ರೆಪ್ಪೆ ಬಿಡಿಸಿದರೆ ಕಣ್ಣಿನ ಬಿಳಿಯೆಲ್ಲ ಅರಿಶಿನ. ಡಾಕ್ಟರು ಬಂದು ವಿವರಿಸಿದರು. ಎಲೆಯಲ್ಲಿರುವ ಲಂಟಡೀನ್ ಅನ್ನೋ ವಿಷದಿಂದ ಲಿವರ್ ಕೆಟ್ಟು ಪಿತ್ತ ಹರಿಯೋದು ನಿಲ್ಲುತ್ತದೆ. ಮೇದ ಹಸಿರಿನಿಂದ ಹೊಟ್ಟೆಯಲ್ಲಿ ಹುಟ್ಟುವ ಒಂದು ಪದಾರ್ಥ ಪಿತ್ತದ ಜೊತೆ ಹೊರಗೆ ಹೋಗಬೇಕು. ಹೋಗದಿದ್ದರೆ ರಕ್ತಕ್ಕೆ ಸೇರಿ, ಬಿಸಿಲು ಬಿದ್ದ ಕಡೆ ಚರ್ಮ ಸುಡುತ್ತದೆ. ಹೊಟ್ಟೆ ಆಡದೆ ನಿಲ್ಲೋದರಿಂದ ತಿಂದ ಎಲೆ ಅಲ್ಲೇ ಕೂತು ದಿನಾ ವಿಷ ಬಿಡುತ್ತಲೇ ಇರುತ್ತದೆ. ಅದಕ್ಕೇ ವಿಷ ಹೀರಿಕೊಳ್ಳುವ ಆಕ್ಟಿವೇಟೆಡ್ ಚಾರ್ಕೋಲ್ ಪುಡಿ ಕುಡಿಸುತ್ತಾರೆ. ಒಂದು ಕುರಿಗೆ ಅರ್ಧ ಕೆಜಿ, ದೊಡ್ಡ ದನಕ್ಕೆ ಎರಡೂವರೆ ಕೆಜಿ. ಒಲೆಯ ಇದ್ದಿಲು ಅಲ್ಲ. ನಮ್ಮಲ್ಲಿ ಅದು ಸಿಗೋಷ್ಟರಲ್ಲಿ ತಡವಾಗಿತ್ತು.

ಹೊಸ ಕುರಿ ತಂದರೆ ಒಂದು ವಾರ ಮನೆ ಹತ್ತಿರವೇ ಮೇಯಿಸಿ. ಆಮೇಲೂ ಹೊಟ್ಟೆಗೆ ಸ್ವಲ್ಪ ಹಾಕಿಯೇ ಗುಡ್ಡಕ್ಕೆ ಹೊಡೆಯಿರಿ. ಮೆಲುಕು ನಿಂತಿದ್ದು ಕಂಡ ತಕ್ಷಣ ನೆರಳಿಗೆ ಕಟ್ಟಿ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಎಣ್ಣೆ, ಕಷಾಯ ಅಂತ ದಿನ ಕಳೆಯಬೇಡಿ.

ಗಿಡ ತೆಗೆಸಲೇಬೇಕು ಅಂತಿದ್ದರೆ ಕುರಿ ನೀರಿಗೆ ಹೋಗೋ ದಾರಿಯಲ್ಲಿ ಮಾತ್ರ, ಬುಡ ಅಗೆದು ಬೇರು ಸಮೇತ ಕೀಳಿಸಿ. ಕಿತ್ತಿದ್ದನ್ನು ರೊಪ್ಪದ ಬೇಲಿಗೆ ಹಾಕಬೇಡಿ, ಒಣಗಿದ ಎಲೆಯಲ್ಲೂ ವಿಷ ಇರುತ್ತದೆ.