ಡಿಬಿ ಕಿಲ್ಲರ್ ಇದ್ದರೆ ಹೊರಗಿನ ಸೈಲೆನ್ಸರ್ ಲೀಗಲ್ ಆಗುತ್ತದಾ?

ನಿಮ್ಮದು ಬಿಎಸ್6 (2020ರ ಹೊಗೆ ನಿಯಮದ) ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್, ಊರು ಶಿವಮೊಗ್ಗ. ಡಿಬಿ ಕಿಲ್ಲರ್ (ಸದ್ದು ತಗ್ಗಿಸಲು ಸೈಲೆನ್ಸರಿನ ಬಾಯಿಗೆ ಬೋಲ್ಟ್ ಹಾಕಿ ಕೂರಿಸುವ ಕೊಳವೆ) ಇರುವ ಹೊರಗಿನ, ಅಂದರೆ ಕಂಪನಿಯದಲ್ಲದ, ಸೈಲೆನ್ಸರ್ ಹಾಕಿಸಿದರೆ ಪೊಲೀಸರು ಕೇಳಲ್ಲ ಅಂತ ಅಂಗಡಿಯವರು ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ನಿಜ ಅಲ್ಲ. ಇದೇ ಮಾತನ್ನು ನನಗೂ ಹೇಳಿದ್ದರು.

ನನ್ನದು ಹಳೆಯ ಕಾರ್ಬುರೇಟರ್ ಗಾಡಿ, ಮನೆ ತೀರ್ಥಹಳ್ಳಿ ಕಡೆ. ನಮ್ಮ ಮಳೆಗೆ ಕಂಪನಿ ಸೈಲೆನ್ಸರಿನ ಅಡಿ ತುಕ್ಕು ಹಿಡಿದು ತೂತಾಯಿತು. ಅದೇ ನೆಪ. ಡಿಬಿ ಕಿಲ್ಲರ್ ಇರುವ ಶಾರ್ಟ್ ಬಾಟಲ್ ಅನ್ನುವ ಗಿಡ್ಡ ಸೈಲೆನ್ಸರ್ ಹಾಕಿಸಿದೆ. ಪಂಜಾಬ್ ಸೈಲೆನ್ಸರಿನಷ್ಟು ಜೋರಲ್ಲ ಅಲ್ವಾ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಲೆನಾಡಿನಲ್ಲಿ ರಾತ್ರಿ ಹೊತ್ತು ಸದ್ದು ಎಲ್ಲಿಯವರೆಗೆ ಹೋಗುತ್ತದೆ ಗೊತ್ತಲ್ಲ? ನಾನು ಆಚೆ ಗುಡ್ಡದ ತಿರುವಿನಲ್ಲಿರುವಾಗಲೇ ಅಮ್ಮ ಸಾರು ಬಿಸಿಗೆ ಇಡುತ್ತಿದ್ದರು. "ನೀನು ಎಷ್ಟು ಗಂಟೆಗೆ ಮನೆ ಸೇರ್ತೀಯ ಅಂತ ಊರಿಗೆಲ್ಲ ಗೊತ್ತು ಮಾರಾಯ" ಅನ್ನುವುದು ಅಪ್ಪನ ಮಾತು.

ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲೇಟರ್ ಬಿಟ್ಟರೆ ಸಾಕು, ಪಟ್ ಪಟ್ ಅಂತ ಪಟಾಕಿ. ಇಂಜಿನ್‌ನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನ ಜಾಯಿಂಟ್ ಸರಿಯಾಗಿ ಕೂರದೆ ಗಾಳಿ ಒಳಗೆ ಹೋಗುತ್ತಿತ್ತು. ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿನೊಳಗೆ ಹೊತ್ತಿಕೊಳ್ಳುತ್ತಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನ, ಸದ್ದು ಹೀರುವ ಗ್ಲಾಸ್ ವೂಲ್ ನೆನೆದು ಹಾಳಾಯಿತು. ಆಮೇಲೆ ಸದ್ದು ತಗಡು ಬಡಿದ ಹಾಗೆ.

ಕೊನೆಗೆ ಶಿವಮೊಗ್ಗದಲ್ಲಿ ತಡೆದರು. ಡಿಬಿ ಕಿಲ್ಲರ್ ತೋರಿಸಿದೆ. ಟ್ರಾಫಿಕ್‌ನವರು ಬಗ್ಗಿ ನೋಡಿ, "ಈ ಬೋಲ್ಟ್ ಬಿಚ್ಚೋಕೆ ಎಷ್ಟು ಹೊತ್ತು ಬೇಕು?" ಅಂದರು. ಎರಡು ನಿಮಿಷ. ದಂಡ ಕಟ್ಟಿದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. ಸದ್ದು, ಹೊಗೆಯ ಮಿತಿ ಮೀರಿದರೆ ಅದೇ ಕಾಯ್ದೆಯ 190(2)ನೇ ಸೆಕ್ಷನ್. 2019ರ ತಿದ್ದುಪಡಿಯ ಮೇಲೆ ಅದಕ್ಕೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸೂ ಹೋಗಬಹುದು. ಸ್ಥಳದಲ್ಲಿ ಕಟ್ಟಿಸಿಕೊಳ್ಳುವುದು ಕಡಿಮೆ ಇರಬಹುದು, ಆದರೆ ಸೈಲೆನ್ಸರ್ ಕೈಬಿಟ್ಟಿತು ಅಂತಲೇ ಲೆಕ್ಕ. ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ವಿಡಿಯೊ ನೋಡಿರುತ್ತೀರಿ. ಎಮಿಷನ್ ಟೆಸ್ಟ್ ಚೀಟಿ ತೋರಿಸಿದರೂ ಪ್ರಯೋಜನ ಇಲ್ಲ. ಅಲ್ಲಿ ಅಳೆಯುವುದು ಹೊಗೆ, ಸದ್ದಲ್ಲ. 175 ಸಿಸಿಗಿಂತ ದೊಡ್ಡ ಬೈಕಿಗೆ ತಯಾರಾಗುವ ಹಂತದಲ್ಲೇ 80 ಡೆಸಿಬಲ್ ಮಿತಿ ಇದೆ. ಕೆಲವು ಸೈಲೆನ್ಸರ್ ಮೇಲಿರುವ ಇ-ಮಾರ್ಕ್ ಅನ್ನುವ ಯುರೋಪಿನ ಒಪ್ಪಿಗೆ ಮುದ್ರೆ ಅಲ್ಲಿನ ರಸ್ತೆಗೆ, ಸಾಗರ ರೋಡಿಗಲ್ಲ.

ನಿಮ್ಮ ಗಾಡಿಗೆ ಇನ್ನೊಂದು ತಲೆನೋವು. ಅದರಲ್ಲಿ ಫ್ಯೂಯೆಲ್ ಇಂಜೆಕ್ಷನ್, ಆಕ್ಸಿಜನ್ ಸೆನ್ಸರ್, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ. ಬೆಂಡ್ ಪೈಪ್ ಸಮೇತ ಬದಲಿಸಿದರೆ ಇಂಜಿನ್ ಲೈಟ್ ಹತ್ತಬಹುದು. ವಾರಂಟಿಯಲ್ಲೂ ತಕರಾರು ತೆಗೆಯುತ್ತಾರೆ.

ಹೊಸ ನೋಟವೇ ಬೇಕಾದರೆ ಕಂಪನಿಯವರೇ ನಿಮ್ಮ ಮಾಡೆಲ್‌ಗೆ ಅಂತ ಮಾರುವ ಸೈಲೆನ್ಸರ್ ಕೇಳಿ. ಇಲ್ಲಿನ ಸದ್ದು, ಹೊಗೆ ನಿಯಮಕ್ಕೆ ಒಪ್ಪುತ್ತದೆ ಅಂತ ಬರಹದಲ್ಲಿ ಇರಲಿ, ಬಿಲ್ ಗಾಡಿಯಲ್ಲೇ ಇಟ್ಟುಕೊಳ್ಳಿ. ಗುಡುಗು ಸದ್ದು ಮಾತ್ರ ಅದರಲ್ಲಿ ಸಿಗಲ್ಲ.

ಏನೇ ಹಾಕಿಸಿದರೂ ಹಳೆಯದನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. "ಇದು ಸುಮ್ನೆ ಗುಜರಿ, ಇಲ್ಲೇ ಇರಲಿ" ಅನ್ನುತ್ತಾರೆ. ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಪ್ಲಾಟಿನಂ ಜಾತಿಯ ಲೋಹ ಇರುತ್ತದೆ, ಅವರಿಗದು ಚೆನ್ನಾಗಿ ಗೊತ್ತು.