ಕಡಿಮೆ ದುಡ್ಡಿನ ಹಾರರ್: ದೆವ್ವಕ್ಕಿಂತ ಮೈಕಿಗೆ ಖರ್ಚು ಮಾಡಿ

ಕಡಿಮೆ ಬಜೆಟ್ಟಿನ ಹಾರರ್ ಸಿನಿಮಾಗಳು ಎಲ್ಲಿ ಗೆಲ್ಲುತ್ತವೆ, ಎಲ್ಲಿ ಸೋಲುತ್ತವೆ ಎಂದು ಕೇಳಿದ್ದೀರಿ. ಯಾದಗಿರಿ ಕಡೆಯ ಹಳೇ ವಾಡೆಯೊಂದರಲ್ಲಿ (ಹಳೇ ಕಾಲದ ದೊಡ್ಡ ಮನೆ) ಗೆಳೆಯರೆಲ್ಲ ಸೇರಿ ಕಿರುಚಿತ್ರ ಮಾಡುವ ಆಸೆಯನ್ನೂ ಹೇಳಿದ್ದೀರಿ. ನಾನು ಕಲಬುರಗಿಯವನು, ಇಂಥ ಶೂಟಿಂಗ್‌ಗಳಲ್ಲಿ ಮೈಕ್ ಹಿಡಿದವನು. ಹಾಗಾಗಿ ನನ್ನ ಉತ್ತರ ಸ್ವಲ್ಪ ಸೌಂಡ್ ಕಡೆಗೇ ವಾಲುತ್ತದೆ.

ಮೊದಲ ಲಾಭ, ಸ್ಟಾರ್ ಬೇಕಿಲ್ಲ. ಹೀರೋ ಸಾಯುವುದಿಲ್ಲ ಎಂದು ಟಿಕೆಟ್ ತಗೊಂಡಾಗಲೇ ಗೊತ್ತಿರುತ್ತದೆ ಅಲ್ವಾ? ಹೊಸ ಮುಖಗಳಾದರೆ ಯಾರು ಯಾವಾಗ ಹೋಗುತ್ತಾರೋ ಹೇಳಲಾಗದು.

ತೋರಿಸಲು ದುಡ್ಡಿಲ್ಲದಿರುವುದೂ ಒಳ್ಳೆಯದೇ. 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ನಿರ್ದೇಶಕ ಓರೆನ್ ಪೆಲಿ ತಮ್ಮ ಸ್ವಂತ ಮನೆಯಲ್ಲೇ ಸುಮಾರು 15 ಸಾವಿರ ಡಾಲರ್‌ನಲ್ಲಿ ತೆಗೆದರು. ಗಳಿಕೆ 19 ಕೋಟಿ ಡಾಲರ್ ದಾಟಿತು. ರಾತ್ರಿ ಬೆಡ್‌ರೂಮಿನ ಬಾಗಿಲು ತಾನಾಗೇ ಚೂರು ಅಲುಗಿದರೆ ಸಾಕು, ಜನ ಬೆಚ್ಚುತ್ತಾರೆ. ನಮ್ಮಲ್ಲಿ 2013ರಲ್ಲಿ '6-5=2' ಎಂಬ ಕನ್ನಡ ಸಿನಿಮಾ ಬಂತು. ಚಾರಣಕ್ಕೆ ಹೋದವರೇ ಹಿಡಿದ ವಿಡಿಯೊ ಎಂಬ ನೆಪ ಇದ್ದದ್ದರಿಂದ ಕ್ಯಾಮೆರಾ ಅಲ್ಲಾಡಿದರೂ ಅದು ಕಥೆಗೆ ಹೊಂದಿಕೊಂಡಿತು. ಬಡತನಕ್ಕೆ ಕಥೆಯೊಳಗೇ ಕಾರಣ ಕೊಟ್ಟುಬಿಡುವುದು ಜಾಣತನ.

ಸೋಲುವುದು ಆಸೆ ತಡೆಯಲಾಗದೆ ದೆವ್ವವನ್ನು ತೋರಿಸಿದಾಗ. ಬಿಳಿ ಸೀರೆ, ಪೌಡರ್ ಮುಖ, ಕೆಂಪು ಎಲ್ಇಡಿ. ಅಲ್ಲಿಗೆ ಥಿಯೇಟರಿನಲ್ಲಿ ನಗು ಶುರು. ಸುಮ್‌ಸುಮ್ನೆ 'ಢಂ' ಅನ್ನಿಸುವುದೂ ಅಷ್ಟೇ. ಎರಡನೇ ಸಲಕ್ಕೆ ಜನ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಾರೆ.

ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ದೌರ್ಬಲ್ಯ ಸೌಂಡ್. ಚಿತ್ರ ಮಸುಕಾಗಿದ್ದರೆ ನೋಡುವವರು ಸಹಿಸುತ್ತಾರೆ, ಕತ್ತಲಲ್ಲಿ ಅದು ಹೊಂದಿಕೊಂಡೂ ಬಿಡುತ್ತದೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ನಮ್ಮ ಕಡೆಯ ವಾಡೆಗಳು ನೋಡಲು ಪುಕ್ಕಟೆ ಸೆಟ್: ದಪ್ಪ ಗೋಡೆ, ಸಣ್ಣ ಕಿಟಕಿ, ಕತ್ತಲ ಪಡಸಾಲೆ. ಮೈಕಿಗೆ ಮಾತ್ರ ಅವು ಕಷ್ಟ. ಕೆಳಗೆ ಶಹಾಬಾದ್ ಕಲ್ಲು, ಸುತ್ತ ಬರೀ ಗೋಡೆ. ಪಿಸುಮಾತೂ ಗೊಂಯ್ ಅನ್ನುತ್ತದೆ. ಊರಿನಲ್ಲಿ ಸಿಕ್ಕಷ್ಟು ಕೌದಿ (ಹಳೇ ಬಟ್ಟೆ ಸೇರಿಸಿ ಹೊಲಿದ ದಪ್ಪ ಹೊದಿಕೆ) ಕೇಳಿ ತನ್ನಿ. ಫ್ರೇಮಿಗೆ ಬಾರದ ಕಡೆ ನೆಲಕ್ಕೆ ಹಾಸಿ, ಗೋಡೆಗೆ ಇಳಿಬಿಡಿ. ಫ್ಯಾನ್ ಬಂದ್ ಮಾಡಿ, ಜನರೇಟರ್ ದೂರ ಇಡಿ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಖಾಲಿ ಕೋಣೆಯ ಸದ್ದನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತಿನ ನಡುವಿನ ತೂತು ಮುಚ್ಚಲು ಅದೇ ಬೇಕು. ಬಾಗಿಲ ಕಿರುಗುಟ್ಟುವಿಕೆ, ಸರಪಳಿ, ಹೆಜ್ಜೆ, ಎಲ್ಲವನ್ನೂ ಮೈಕ್ ಹತ್ತಿರ ಹಿಡಿದು ಬೇರೆಯಾಗಿ ರೆಕಾರ್ಡ್ ಮಾಡಿ. ಇಂಟರ್‌ನೆಟ್ಟಿನ ಪುಕ್ಕಟೆ ಗೂಬೆ ಕೂಗು ದಯವಿಟ್ಟು ಬೇಡ.

ಇನ್ನೊಂದು ಮಾತು. ಪಾತ್ರಗಳು ಯಾದಗಿರಿಯವರಾದರೆ ಯಾದಗಿರಿಯ ಮಾತೇ ಆಡಲಿ. ಬೆಂಗಳೂರು ಧಾರಾವಾಹಿಯ ಧಾಟಿಯಲ್ಲಿ ಕಿರುಚಿದರೆ ನಮ್ಮವರು ಹೆದರುವುದಿಲ್ಲ.

ಬೀದರ್ ಕೋಟೆ, ಅದರ ಹತ್ತಿರದ ಅಷ್ಟೂರಿನ ಸುಲ್ತಾನರ ಗೋರಿ ಗುಮ್ಮಟಗಳು ಕಣ್ಣಿಗೆ ಬಿದ್ದಿದ್ದರೆ ಮೊದಲು ಪುರಾತತ್ವ ಇಲಾಖೆಯ ಅನುಮತಿ ಕೇಳಿ. ಸಂರಕ್ಷಿತ ಸ್ಮಾರಕಗಳಲ್ಲಿ ಸುಮ್ನೆ ಟ್ರೈಪಾಡ್ ಊರಿ ನಿಲ್ಲಲು ಬಿಡುವುದಿಲ್ಲ. ವಾಡೆಯೇ ಸಾಕು ಅನ್ನುವುದಾದರೆ ಡಿಸೆಂಬರ್, ಜನವರಿ ನೋಡಿ. ಏಪ್ರಿಲ್ ಬಂತೆಂದರೆ ನಮ್ಮಲ್ಲಿ ರಾತ್ರಿಯೂ ಗೋಡೆ ಕಾದಿರುತ್ತದೆ, ಫ್ಯಾನ್ ಬಂದ್ ಮಾಡಿ ಎಂದರೆ ನಿಮ್ಮ ಗೆಳೆಯರೇ ನಿಮ್ಮನ್ನು ಹೊರಗೆ ಹಾಕುತ್ತಾರೆ.